ಬಾಸ್ಟನ್ ಹಿತ್ತಲಿಗೊಂದು ಫ್ರಾಂಕ್ಲಿನಿಯಾ

ಪುಟ್ಟಿ,

ಬಾಸ್ಟನ್ನಿನ ಹೊಸ ಮನೆಯ ಹಿತ್ತಲಿಗೆ ಫ್ರಾಂಕ್ಲಿನಿಯಾ ತರುವ ಯೋಚನೆಯಂತೆ. ಹಿಮಕ್ಕೆ ಬದುಕೀತೇ ಎಂಬ ಚಿಂತೆ ಬಿಡು. ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಬಲಿತ ಗಿಡ ತಾಳಿಕೊಳ್ಳುತ್ತದೆ. ಅದಕ್ಕೆ ಆಗದಿರುವುದು ಬುಡದಲ್ಲಿ ನಿಂತ ನೀರು.

ವಿಚಿತ್ರವೆಂದರೆ ಇದು ಸೆಕೆನಾಡಿನ ಗಿಡ. 1765ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾದ ಸಸ್ಯತಜ್ಞ ಜಾನ್ ಬಾರ್ಟ್ರಮ್ ಮತ್ತು ಅವನ ಮಗ ವಿಲಿಯಂ ಜಾರ್ಜಿಯಾದ ಆಲ್ಟಮಹಾ ನದಿಯ ದಂಡೆಯಲ್ಲಿ ಇದನ್ನು ಕಂಡರು. ಕೆಲವು ವರ್ಷಗಳ ಮೇಲೆ ವಿಲಿಯಂ ಮತ್ತೆ ಹೋಗಿ ಬೀಜ ತಂದ. ಅಪ್ಪನ ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್ನನ ಹೆಸರು ಗಿಡಕ್ಕೆ ಬಂತು. 1803ರ ನಂತರ ಕಾಡಿನಲ್ಲಿ ಇದನ್ನು ಕಂಡ ದಾಖಲೆಯಿಲ್ಲ. ಕಾರಣ ಹತ್ತಿ ಹೊಲದಿಂದ ಹರಡಿದ ರೋಗ ಎನ್ನುವವರಿದ್ದಾರೆ, ನೆರೆ ಎನ್ನುವವರಿದ್ದಾರೆ, ಗಿಡ ಕಿತ್ತೊಯ್ದವರ ಆಸೆಬುರುಕತನ ಎನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಇಂದು ತೋಟಗಳಲ್ಲಿರುವ ಫ್ರಾಂಕ್ಲಿನಿಯಾಗಳೆಲ್ಲ ಬಾರ್ಟ್ರಮ್ ತೋಟದ ಸಂತತಿಯೇ. ತವರಿನ ಸೆಕೆಗಿಂತ ಬಾಸ್ಟನ್ನಿನಂಥ ಊರಿನಲ್ಲೇ ಅವು ಹೆಚ್ಚು ಸುಖವಾಗಿವೆ.

ಚಹಾ, ಕ್ಯಾಮೆಲಿಯಾಗಳ ಕುಟುಂಬ ಇದರದು. ಉಳಿದ ಪೊದೆಗಳೆಲ್ಲ ಹೂ ಮುಗಿಸಿ ಕುಳಿತಾಗ, ಆಗಸ್ಟ್ ಕೊನೆಗೆ ಇದರ ಸರದಿ: ಅಂಗೈಯಗಲದ ಬಿಳಿ ಹೂ, ನಡುವೆ ಹಳದಿ ಕೇಸರಗಳ ಗೊಂಚಲು. ಬೀಜ ಬಲಿಯಲು ವರ್ಷದ ಮೇಲೆ ಹಿಡಿಯುವುದರಿಂದ ಹೋದ ವರ್ಷದ ಕಾಯಿ, ಈ ವರ್ಷದ ಹೂ ಒಂದೇ ಗಿಡದಲ್ಲಿ ಕಾಣುತ್ತವೆ. ಕೆಲವೊಮ್ಮೆ ಹೂವಿರುವಾಗಲೇ ಎಲೆಯೂ ಕೆಂಪಾಗತೊಡಗುತ್ತದೆ. ಅಂಥ ವಾರ ಸಿಕ್ಕಿದರೆ ಬೇರೆ ಹೂವಿನ ಗಿಡ ಬೇಕೆನಿಸುವುದಿಲ್ಲ. ಇಬ್ಬನಿ ಬೇಗ ಹೆಪ್ಪುಗಟ್ಟಿದ ವರ್ಷ ಮಾತ್ರ ಎಷ್ಟೋ ಮೊಗ್ಗುಗಳು ಅರಳದೆ ಕಪ್ಪಾಗುತ್ತವೆ.

ಜಾಗ ಹುಡುಕುವುದೇ ದೊಡ್ಡ ಕೆಲಸ. ಒಂದಡಿ ಗುಂಡಿ ತೋಡಿ ನೀರು ತುಂಬು. ಇಂಗಿದ ಮೇಲೆ ಮತ್ತೊಮ್ಮೆ ತುಂಬು. ಎರಡನೇ ಸಲದ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ನೆಡಬೇಡ. ಜಿಗುಟು ಮಣ್ಣಿನ ತೇವದಲ್ಲಿ ಫೈಟಾಫ್ತೊರಾ ಎಂಬ ರೋಗಾಣು ಬೇರನ್ನು ಕೊಳೆಸುತ್ತದೆ. ಒಮ್ಮೆ ತಗುಲಿದರೆ ಗಿಡ ಉಳಿಯುವುದು ಕಷ್ಟ. ಇಳಿಜಾರು ಇಲ್ಲವೇ ಏರಿಸಿದ ಮಡಿ ಒಳ್ಳೆಯದು. ಮನೆಯ ಅಡಿಪಾಯಕ್ಕೆ ಒತ್ತಿ ನೆಡುವುದೂ ಬೇಡ. ಕಾಂಕ್ರೀಟಿನ ಸುಣ್ಣ ಮಣ್ಣಿಗಿಳಿಯುತ್ತದೆ, ಇದಕ್ಕೋ ಹುಳಿ ಮಣ್ಣೇ ಬೇಕು. ಪಿಎಚ್ 5ರಿಂದ 6ರೊಳಗಿದ್ದರೆ ಸರಿ. ಹುಳಿ ಹೆಚ್ಚಲೆಂದು ಫಿಲ್ಟರಿನ ಕಾಫಿ ಗಸಿ ಸುರಿಯುವವರಿದ್ದಾರೆ. ಅದರ ಹುಳಿಯ ಬಹುಪಾಲು ಆಗಲೇ ಡಿಕಾಕ್ಷನ್ನಿಗೆ ಇಳಿದಿರುತ್ತದೆ!

ಕುಂಡದಲ್ಲಿ ಬೆಳೆದ ಚಿಕ್ಕ ಗಿಡವನ್ನೇ ಕೊಂಡು ವಸಂತದಲ್ಲಿ ನೆಡು. ಬೇರು ವಿರಳ, ಕಿತ್ತು ಬೇರೆಡೆ ನೆಟ್ಟರೆ ಸಹಿಸದು. ಬಿಸಿಲು ಚೆನ್ನಾಗಿರಲಿ. ಬುಡದ ಸುತ್ತ ಮರದ ಚಕ್ಕೆ ಹರಡುವಾಗ ಕಾಂಡಕ್ಕೆ ತಾಗಿಸಬೇಡ.

ದುಡ್ಡು ಕೊಡುವ ಮೊದಲು ಸೆಪ್ಟೆಂಬರಿನಲ್ಲೊಮ್ಮೆ ನಿಮ್ಮೂರಿನ ಆರ್ನಾಲ್ಡ್ ಆರ್ಬೊರೇಟಂ ಎಂಬ ಸಸ್ಯೋದ್ಯಾನಕ್ಕೆ ಹೋಗಿ ಬಾ. 1905ರಲ್ಲಿ ಅಲ್ಲಿಗೆ ಬಂದ ಫ್ರಾಂಕ್ಲಿನಿಯಾಗಳು ಎಷ್ಟಗಲ ಹರಡಿಕೊಂಡಿವೆ ನೋಡಿ, ಹಿತ್ತಲಿನಲ್ಲಿ ಅಷ್ಟು ಜಾಗ ಅಳೆದುಕೋ. ಪ್ರವೇಶ ಉಚಿತ.