ಬಸ್ಸಿಗೆ ಸೊನ್ನೆ, ಜೀಪಿಗೆ ಸಾವಿರ

ನಿಮ್ಮ ಹತ್ತಿರ ಕಾರಿಲ್ಲವಲ್ಲ, ಬೆಟ್ಟ ಗುಡ್ಡ ಅಂತ ಹೇಗೆ ಸುತ್ತುತ್ತೀರಿ ಎಂದು ಕೇಳುವವರೆಲ್ಲ ಊರಿನ ದೂರವನ್ನೇ ಲೆಕ್ಕ ಹಾಕುತ್ತಾರೆ. ಬೆಂಗಳೂರಿನಿಂದ ಕುಕ್ಕೆಗೆ ಸುಮಾರು 280 ಕಿ.ಮೀ., ಕಳಸಕ್ಕೆ 300ರ ಮೇಲೆ. ನನ್ನ ಖರ್ಚಿನ ಪುಸ್ತಕದಲ್ಲಿ ಆ ದೂರಕ್ಕೆ ದೊಡ್ಡ ಬೆಲೆಯೇನಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನಾವು ಹೆಂಗಸರು ಕರ್ನಾಟಕ ಸಾರಿಗೆಯ ಕೆಂಪು ಬಸ್ಸು ಹತ್ತಿ ಆಧಾರ್ ತೋರಿಸಿದರೆ ಕಂಡಕ್ಟರು ಕೊಡುವುದು ಶೂನ್ಯ ದರದ ಟಿಕೆಟ್. ದುಡ್ಡು ಹೋಗುವುದು ಬಸ್ಸು ಇಳಿದ ಮೇಲೆ, ಅಲ್ಲಿಂದ ಬೆಟ್ಟದ ಬುಡದವರೆಗಿನ ಆರೇಳು ಕಿಲೋಮೀಟರಿನಲ್ಲಿ.

ಕುದುರೆಮುಖದ ಲೆಕ್ಕವನ್ನೇ ನೋಡಿ. ಹೊರನಾಡಿನ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗಿನ ಜಾವ ಕಳಸದಲ್ಲಿ ಇಳಿಯಬೇಕು. ಅಲ್ಲಿಂದ ಸಂಸೆ ದಾಟಿ ಕುದುರೆಮುಖದ ಕಡೆ ಹೋಗುವ ಬಸ್ಸು ಹಿಡಿದು ಬಾಳೆಗಲ್ಲಿನಲ್ಲಿ ಇಳಿಯಬೇಕು. ಚಾರಣ ಶುರುವಾಗುವುದು ಮುಳ್ಳೋಡಿಯಿಂದ. ಬಾಳೆಗಲ್ಲಿನಿಂದ ಅಲ್ಲಿಗೆ ಜೀಪೇ ಗತಿ. ನಾನೂ ಗೆಳತಿಯೂ ಮಂಜಿನಲ್ಲಿ ಬ್ಯಾಗು ಹೊತ್ತು ನಿಂತಾಗ ಜೀಪಿನವರು ಮೊದಲು ಕೇಳಿದ್ದು, "ಎಷ್ಟು ಜನ ಅಕ್ಕಾ?"

"ಇಬ್ರೇ."

"ಇಬ್ರಿಗೂ ಅಷ್ಟೇ, ಎಂಟು ಜನಕ್ಕೂ ಅಷ್ಟೇ. ಜೀಪಿಗೆ ರೇಟು, ತಲೆಗಲ್ಲ."

ಹೋಗಿಬರಲು ಅವರು ಹೇಳಿದ್ದು ಎರಡು ಸಾವಿರ. ಚೌಕಾಸಿ ನಡೆಯಲಿಲ್ಲ. ಅರ್ಧ ಗಂಟೆ ಕಾದೆವು. ಹುಬ್ಬಳ್ಳಿ ಕಡೆಯ ಆರು ಹುಡುಗರು ಇಳಿದರು, ಎಲ್ಲರೂ ಒಂದೇ ಜೀಪಿಗೆ ತುಂಬಿಕೊಂಡೆವು. ತಲೆಗೆ ಬಿದ್ದದ್ದು 250. ಆ ಹುಡುಗರು ಬರದೇ ಇದ್ದಿದ್ದರೆ ತಲಾ ಸಾವಿರ ಎಣಿಸಬೇಕಿತ್ತು. ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಜೀಪಿನದು 150 ರೂಪಾಯಿಯ ಸುತ್ತ. ಟಿಕೆಟ್ ಕೊಂಡು ಕೂತ ಗಂಡಸರಿಗೂ ಬಸ್ಸಿನದು ಒಂದೂವರೆ ರೂಪಾಯಿಯ ಹತ್ತಿರ.

ಇದನ್ನು ಸುಲಿಗೆ ಎನ್ನುವವರನ್ನು ಆ ದಾರಿಯಲ್ಲಿ ಒಮ್ಮೆ ಕೂರಿಸಿಕೊಂಡು ಹೋಗಬೇಕು. ಅದು ರಸ್ತೆಯಲ್ಲ, ಕಲ್ಲಿನ ರಾಶಿ. ಡ್ರೈವರು ಒಂದನೇ ಗೇರು ಬಿಟ್ಟು ಮೇಲೆ ಹೋಗುವುದೇ ಅಪರೂಪ. ತಿರುವಿನಲ್ಲಿ ಹಿಂದೆ ಕೂತವರ ಮಂಡಿ ಎದುರಿನವರ ಮಂಡಿಗೆ ಬಡಿಯುತ್ತದೆ. ಟಯರು, ಬ್ಲೇಡು, ಕ್ಲಚ್ಚು ಎಲ್ಲ ಅಲ್ಲೇ ಸವೆಯಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯವರು ಚಾರಣ ನಿಲ್ಲಿಸುವುದೂ ಉಂಟು. ದುಡಿಮೆ ಇರುವ ತಿಂಗಳುಗಳಲ್ಲೇ ಅವರು ವರ್ಷದ ಲೆಕ್ಕ ಸರಿಮಾಡಿಕೊಳ್ಳಬೇಕು. ನನ್ನ ತಕರಾರು ರೇಟಿನ ಬಗ್ಗೆ ಅಲ್ಲ, ಸೀಟು ಖಾಲಿ ಹೋಗುವುದರ ಬಗ್ಗೆ.

ಮುಳ್ಳೋಡಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಫೋನ್ ಪೇ, ಗೂಗಲ್ ಪೇ ಎಲ್ಲ ಕಳಸದಲ್ಲೇ ಉಳಿದವು ಎಂದುಕೊಳ್ಳಿ. ಎಟಿಎಂ ಕೂಡ ಅಲ್ಲೇ. ಐನೂರರ ನೋಟುಗಳಷ್ಟೇ ಅಲ್ಲ, ನೂರರವೂ ಇರಲಿ. ಎಂಟು ಜನ ಹಂಚಿಕೊಳ್ಳುವಾಗ ಚಿಲ್ಲರೆಯ ಬೆಲೆ ಗೊತ್ತಾಗುತ್ತದೆ.

ಈಗ ಕುಕ್ಕೆಗೆ ಬನ್ನಿ. ಅಲ್ಲಿನ ಕುಮಾರ ಪರ್ವತ 1,712 ಮೀಟರ್ ಎತ್ತರ. ಕಷ್ಟದ ಚಾರಣವೆಂದು ಹೆಸರು ಮಾಡಿದೆ. ಜೇಬಿಗೆ ಮಾತ್ರ ಅದರಷ್ಟು ಹಗುರವಾದದ್ದು ಇನ್ನೊಂದಿಲ್ಲ. ಬಸ್ ನಿಲ್ದಾಣದಿಂದ ದೇವಸ್ಥಾನದ ಮುಂದೆ ಹಾದು ನಡೆದುಕೊಂಡೇ ಕಾಡಿನ ದಾರಿ ಸೇರಬಹುದು. ಅರ್ಧ ದಾರಿಯ ಗಿರಿಗದ್ದೆಯಲ್ಲಿ ಭಟ್ಟರ ಮನೆ ಇದೆ, ಅನ್ನ ಸಾರಿನ ಊಟ ಸಿಗುತ್ತದೆ. ಇಳಿದು ಬಂದ ಮೇಲೆ ದೇವಸ್ಥಾನದಲ್ಲಿ ಪ್ರಸಾದದ ಊಟ. ರೈಲಿನಲ್ಲಿ ಬರುವವರಿಗೆ ಸುಬ್ರಹ್ಮಣ್ಯ ರೋಡ್ ನಿಲ್ದಾಣವಿದೆ. ಅದು ಇರುವುದು ನೆಟ್ಟಣದಲ್ಲಿ, ಕುಕ್ಕೆಯಿಂದ ಹನ್ನೆರಡು ಕಿ.ಮೀ. ದೂರ. ಸ್ಲೀಪರ್ ಟಿಕೆಟ್ 300ರೊಳಗೆ ಮುಗಿಯುತ್ತದೆ. ನಸುಕಿನಲ್ಲಿ ಇಳಿದು ಆಟೋದವರ ಜೊತೆ ಮಾತಾಡಬೇಕು, ಅಷ್ಟೇ.

ಕುಕ್ಕೆಗೆ ಇಷ್ಟು ಬಸ್ಸು ಓಡುವುದು ಚಾರಣಿಗರಿಗಾಗಿ ಅಲ್ಲ, ಸುಬ್ರಹ್ಮಣ್ಯನಿಗಾಗಿ. ಕಳಸಕ್ಕೆ ರಾತ್ರಿ ಬಸ್ಸು ಸಿಗುವುದು ಹೊರನಾಡಿನ ಅನ್ನಪೂರ್ಣೇಶ್ವರಿಯ ದಯೆಯಿಂದ. ಕೊಡಚಾದ್ರಿಗೆ ಹೋಗುವವರಿಗೆ ಕೊಲ್ಲೂರಿನ ಮೂಕಾಂಬಿಕೆ ಇದ್ದಾಳೆ. ಅಲ್ಲಿಂದ ಮೇಲಕ್ಕೂ ಜೀಪುಗಳಿವೆ, ಬಂದ ಭಕ್ತರಿಂದಲೇ ಅವು ತುಂಬುತ್ತವೆ. ದೇವರು ಬುಡದಲ್ಲೇ ಕೂತಿದ್ದರೆ ಖರ್ಚು ಕಡಿಮೆ, ದೇವರಿಗೂ ಬೆಟ್ಟಕ್ಕೂ ನಡುವೆ ಕಾಫಿ ತೋಟ ಬಂದರೆ ಜೀಪಿನ ಖರ್ಚು. ಆದ್ದರಿಂದ ಕಾರಿಲ್ಲದವರು ಬೆಟ್ಟ ಆರಿಸುವಾಗ ಎತ್ತರ ನೋಡುವ ಮೊದಲು ಬಸ್ ನಿಲ್ದಾಣದಿಂದ ಬುಡ ಎಷ್ಟು ದೂರ ಎಂದು ನೋಡಿ. ನಾಸ್ತಿಕರಿಗೂ ಇದೇ ಸಲಹೆ.

ಕಾರಿನವರ ಲೆಕ್ಕಕ್ಕೂ ಒಂದು ಮಾತು. ಕುಕ್ಕೆಗೆ ಹೋಗಿಬರಲು 560 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡಿದರೂ ಬೆಂಗಳೂರಿನ ದರದಲ್ಲಿ ಪೆಟ್ರೋಲಿಗೇ 3,800ರ ಹತ್ತಿರ ಬೇಕು. ಟೋಲು ಬೇರೆ. ಬಸ್ಸಿನಲ್ಲಿ ನಾಲ್ವರು ಹೋಗಿ, ಅದರಲ್ಲಿ ಇಬ್ಬರು ಹೆಂಗಸರಾದರೆ, ಗಂಡಸರಿಗೆ ಒಂದು ಕಡೆಗೆ 400ರ ಆಸುಪಾಸು ಹಿಡಿದರೂ ಎಲ್ಲರದೂ ಸೇರಿ 1,600. ಬಾಡಿಗೆ ಟ್ಯಾಕ್ಸಿಯದು ಇನ್ನೂ ವಿಚಿತ್ರ: ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ.ಗೆ ಹಣ ಕೊಡಬೇಕು, ಡ್ರೈವರ್ ಬತ್ತಾ ಬೇರೆ. ನೀವು ಗುಡ್ಡದ ಮೇಲೆ ಏದುಸಿರು ಬಿಡುವಾಗ ಕೆಳಗೆ ನಿಂತ ಗಾಡಿಗೂ ಬಾಡಿಗೆ ಏರುತ್ತಿರುತ್ತದೆ.

ಕಾರಿನವರಿಗೆ ಆಗದ ಇನ್ನೊಂದು ಕೆಲಸವೂ ಇದೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಪುಷ್ಪಗಿರಿ, ಅಂದರೆ ಇದೇ ಕುಮಾರ ಪರ್ವತ, ಹತ್ತಿ ಕುಕ್ಕೆಗೆ ಇಳಿಯುವ ದಾರಿ ಅದ್ಭುತ. ಗಾಡಿ ಒಂದು ಕಡೆ ನಿಲ್ಲಿಸಿದವರು ಮತ್ತೆ ಅಲ್ಲಿಗೇ ಇಳಿಯಬೇಕು, ನಮಗೆ ಆ ಹಂಗಿಲ್ಲ. ಅರಣ್ಯ ಇಲಾಖೆಯ ಚಾರಣದ ಅನುಮತಿ ಮಾತ್ರ ಎರಡೂ ಕಡೆಗೆ ಅನ್ವಯವಾಗುತ್ತದೆಯೇ ಎಂದು ಬುಕ್ ಮಾಡುವಾಗಲೇ ಖಚಿತ ಮಾಡಿಕೊಳ್ಳಿ.

ಪುಕ್ಕಟೆ ಎಂದು ಎರಡೂ ರಾತ್ರಿ ಕೆಂಪು ಬಸ್ಸಿನಲ್ಲೇ ಕೂರುವುದನ್ನು ನಾನು ಒಪ್ಪುವುದಿಲ್ಲ. ಎಂಟು ಗಂಟೆ ಕುತ್ತಿಗೆ ವಾಲಿಸಿ ಕೂತು ಬಂದು ಬೆಳಿಗ್ಗೆ ಕುಮಾರ ಪರ್ವತ ಹತ್ತಲು ಹೊರಟರೆ ಭಟ್ಟರ ಮನೆ ತಲುಪುವಷ್ಟರಲ್ಲಿ ಸುಸ್ತು. ಹೋಗುವಾಗ ಸ್ಲೀಪರ್ ಬಸ್ಸೋ ರೈಲಿನ ಬರ್ತೋ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ. ಬರುವಾಗ ಶೂನ್ಯ ಟಿಕೆಟ್. ಅಷ್ಟು ನಡೆದ ಮೇಲೆ ಯಾವ ಸೀಟಿನಲ್ಲೂ ನಿದ್ದೆ ಬರುತ್ತದೆ. ಉಳಿಸಬೇಕಾದದ್ದು ವಾಪಸು ದಾರಿಯಲ್ಲಿ.

ಹಾಗಾದರೆ ವಾರಾಂತ್ಯದ ಪ್ಯಾಕೇಜು? ಕುದುರೆಮುಖಕ್ಕೆ ಮೂರೂವರೆ ಸಾವಿರದ ಆಸುಪಾಸು ಕೇಳುತ್ತಾರೆ. ಬಸ್ಸು, ಜೀಪು, ಊಟ, ಹೋಮ್‌ಸ್ಟೇ ಎಲ್ಲ ಅದರಲ್ಲೇ. ಒಬ್ಬರೇ ಹೋಗುವವರಿಗೆ ಅದು ದುಬಾರಿಯಲ್ಲ, ಏಕೆಂದರೆ ಪ್ಯಾಕೇಜು ಇಲ್ಲದಿದ್ದರೆ ಖಾಲಿ ಜೀಪಿನ ಇಡೀ ಬಾಡಿಗೆ ಅವರ ತಲೆಗೇ ಬೀಳುತ್ತದೆ. ನಾಲ್ವರಿದ್ದರೆ ಬೇಡ. ಕುಮಾರ ಪರ್ವತಕ್ಕಂತೂ ಒಬ್ಬರೇ ಇದ್ದರೂ ಬೇಡ.

ಅರಣ್ಯ ಇಲಾಖೆಗೆ ಒಂದು ಕೋರಿಕೆ. 2024ರಿಂದ ಚಾರಣದ ಟಿಕೆಟ್ ಆನ್‌ಲೈನ್‌ನಲ್ಲಿ ಕೊಡುತ್ತಿದ್ದೀರಿ, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿಯನ್ನೂ ಹಾಕಿದ್ದೀರಿ. ಯಾವ ದಿನ ಎಷ್ಟು ಜನ ಬರುತ್ತಾರೆಂಬ ಪಟ್ಟಿ ನಿಮ್ಮ ಕೈಯಲ್ಲೇ ಇದೆ. ಟಿಕೆಟ್ ತೆಗೆಯುವಾಗಲೇ ಜೀಪಿನ ಸೀಟೂ ಬೇಕೇ ಎಂದು ಕೇಳಿ, ತಲೆಗೆ ಇಷ್ಟು ಎಂದು ಬಾಳೆಗಲ್ಲಿನಲ್ಲಿ ಒಂದು ಕೌಂಟರ್ ಇಡಿ. ಜೀಪಿನವರ ಬಾಡಿಗೆಯಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡುವುದು ಬೇಡ, ಎಂಟೂ ಸೀಟು ತುಂಬಿಸಿ ಕಳಿಸಿದರೆ ಸಾಕು.