ಎಂಟುನೂರು ರೂಪಾಯಿ ಉಳಿಸಿದ ಕಥೆ

ದೀಪಾವಳಿ ಆಸುಪಾಸಿನಲ್ಲಿ ಶಿಕಾರಿಪುರದಿಂದ ಸೊರಬಕ್ಕೆ ಸಂಜೆ ಹೊತ್ತು ಗಾಡಿ ಓಡಿಸಿದವರಿಗೆ ಗೊತ್ತು, ಅರ್ಧ ರಸ್ತೆ ಡಾಂಬರು, ಇನ್ನರ್ಧ ಮೆಕ್ಕೆಜೋಳ. ಕಣ ಇಲ್ಲದವರು ರಸ್ತೆಯ ಮೇಲೇ ಕಾಳು ಹರವುತ್ತಾರೆ. ಗಾಡಿ ಹತ್ತದಿರಲಿ ಎಂದು ಅಂಚಿಗೆ ಕಲ್ಲಿಡುತ್ತಾರೆ. ಕತ್ತಲಾದರೆ ಕಾಳು ರಾಶಿಯಾಗಿ ತಾಡಪತ್ರಿ ಹೊದ್ದುಕೊಳ್ಳುತ್ತದೆ, ಕಲ್ಲುಗಳು ಅಲ್ಲೇ ಇರುತ್ತವೆ. ಶಾಲೆ ಮುಗಿಸಿ ಬರುತ್ತಿದ್ದ ನನಗೆ, ಶಿರಾಳಕೊಪ್ಪ ದಾಟಿದ ಮೇಲೆ, ಎದುರು ಲಾರಿಯ ಲೈಟು ಕಣ್ಣಿಗೆ ಹೊಡೆದ ಹೊತ್ತಿನಲ್ಲಿ ಅಂಥದ್ದೊಂದು ಕಲ್ಲು ಕಾಣಲಿಲ್ಲ. ಚಕ್ರ ಕಲ್ಲು ಹತ್ತಿತು, ಸ್ಟೇರಿಂಗ್ ಕೈತಪ್ಪಿತು, ಕಾರು ರಾಶಿಯನ್ನು ಸೀಳಿಕೊಂಡು ಹೋಗಿ ಮೋರಿ ಕಟ್ಟೆಗೆ ಬಡಿಯಿತು. ಏರ್‌ಬ್ಯಾಗ್ ಬಿಚ್ಚಿಕೊಂಡದ್ದರಿಂದ ಮಂಡಿ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಬ್ಯಾಟರಿ ಹಿಡಿದು ಓಡಿ ಬಂದ ಜೋಳದ ಯಜಮಾನ, "ಜೀವ ಉಳೀತಲ್ಲ, ಬಿಡಿ ಮೇಷ್ಟ್ರೇ" ಎಂದ. ಮಾತು ನನ್ನ ಜೊತೆ, ಬೆಳಕು ಮಾತ್ರ ಚೆಲ್ಲಿದ ಕಾಳಿನ ಮೇಲೆ.

ಕಾರನ್ನು ಶಿವಮೊಗ್ಗದ ವರ್ಕ್‌ಶಾಪಿಗೆ ಎಳೆಸಿದೆವು. ಸರ್ವೇಯರ್ ಬಂದು ರೇಡಿಯೇಟರಿನ ಸಂದಿಯಲ್ಲಿ ಸಿಕ್ಕಿದ್ದ ಜೋಳದ ಕಾಳಿಗೂ ಫೋಟೊ ಹೊಡೆದುಕೊಂಡರು. ರಿಪೇರಿಯ ಎಸ್ಟಿಮೇಟು 3,34,000 ರೂಪಾಯಿ. ಪಾಲಿಸಿಯಲ್ಲಿ ಕಾರಿನ ಬೆಲೆ, ಅಂದರೆ ಐಡಿವಿ, 3,80,000. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಆ ಗಾಡಿ ಟೋಟಲ್ ಲಾಸ್. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ.

ಹನ್ನೆರಡನೇ ದಿನ ವಿಮಾ ಕಂಪನಿಯಿಂದ ಫೋನು ಬಂತು. ಹುಡುಗನ ದನಿ ಬಹಳ ಮೃದು. "ಸರ್, ನಿಮ್ಮ ಗಾಡಿಯ ಮಾರ್ಕೆಟ್ ವ್ಯಾಲ್ಯೂ 3,05,000. ಸಾಲ್ವೇಜ್ 85,000, ಕಂಪಲ್ಸರಿ 1,000 ಕಳೆದರೆ 2,19,000. ಗಾಡಿ ನೀವೇ ಇಟ್ಕೊಳ್ಳಿ. ಇವತ್ತು ಓಕೆ ಅಂದ್ರೆ ವಾರದಲ್ಲಿ ದುಡ್ಡು." ಆ "ಇವತ್ತು" ಎಂಬ ಮಾತಿಗೆ ನಾನು ಹೆಚ್ಚುಕಡಿಮೆ ಹೂಂ ಅಂದುಬಿಟ್ಟಿದ್ದೆ. ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬರುವವನಿಗೆ ವಾರದಲ್ಲಿ ಬರುವ ದುಡ್ಡು ದೊಡ್ಡದಾಗಿಯೇ ಕಾಣುತ್ತದೆ. ತಡೆದವಳು ಹೆಂಡತಿ: "ಪಾಲಿಸೀಲಿ 3,80,000 ಅಂತ ಬರ್ದಿದ್ಯಲ್ರೀ, ಇವರು ಯಾವ ಪೇಟೆ ರೇಟು ಹೇಳ್ತಿರೋದು?"

ಇಡೀ ಜಗಳದ ತಿರುಳು ಆ ಒಂದು ಪ್ರಶ್ನೆಯಲ್ಲಿತ್ತು. ಐಡಿವಿ ಎಂದರೆ ಸವಕಳಿ ಕಳೆದ ಮೇಲೆ ಉಳಿದ ಬೆಲೆ. ಗಾಡಿಗೆ ಆರು ತಿಂಗಳು ತುಂಬುವ ಮೊದಲು ಶೇ. 5, ಒಂದು ವರ್ಷ ತುಂಬುವ ಮೊದಲು ಶೇ. 15, ಎರಡು ತುಂಬುವ ಮೊದಲು ಶೇ. 20 ಎಂದು ಶುರುವಾಗಿ ಐದನೇ ವರ್ಷಕ್ಕೆ ಶೇ. 50ರವರೆಗೆ ಕಳೆಯುವ ಕೋಷ್ಟಕವಿದೆ. ಐದು ವರ್ಷ ದಾಟಿದ ಗಾಡಿಗೆ ಕೋಷ್ಟಕವೂ ಇಲ್ಲ, ಕಂಪನಿ ಮತ್ತು ಮಾಲೀಕ ಸೇರಿ ಒಪ್ಪಿಕೊಂಡದ್ದೇ ಬೆಲೆ. ನನ್ನದು ಆರು ವರ್ಷದ ಕಾರು. ಆ ಬೆಲೆಗೆ ಲೆಕ್ಕ ಹಾಕಿಯೇ ಪ್ರೀಮಿಯಂ ಕಟ್ಟಿಸಿಕೊಂಡವರು, ದುಡ್ಡು ಕೊಡುವ ದಿನ ಮಾರ್ಕೆಟ್ಟಿಗೆ ಹೋಗಿ ಇನ್ನೊಂದು ಬೆಲೆ ತರುವುದು ಯಾವ ನ್ಯಾಯ? ಸುಪ್ರೀಂ ಕೋರ್ಟು ಕೂಡ ಇದನ್ನೇ ಕೇಳಿದೆ. 2008ರ ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ 3,54,000 ರೂಪಾಯಿಗೆ ವಿಮೆ ಮಾಡಿದ ಗಾಡಿ ಕೆಲವೇ ತಿಂಗಳಲ್ಲಿ ಅಪಘಾತವಾಗಿ ಹಾಳಾಗಿತ್ತು. ಕಂಪನಿ ಅದಕ್ಕಿಂತ ಕಡಿಮೆ ಕೊಡಲು ಹೊರಟಾಗ, ತಾನೇ ಒಪ್ಪಿದ ಬೆಲೆಯಿಂದ ಹಾಗೆ ಹಿಂದೆ ಸರಿಯುವಂತಿಲ್ಲ ಎಂದಿತು ಕೋರ್ಟು.

ಸಾಲ್ವೇಜಿನದು, ಅಂದರೆ ಹಾಳಾದ ಗಾಡಿಗೆ ಸಿಗುವ ಬೆಲೆಯದು, ಇನ್ನೊಂದು ಆಟ. ಕಂಪನಿ 85,000 ಬಾಳುತ್ತದೆ ಎಂದ ಗಾಡಿಗೆ ಗುಜರಿಯವನು, ಅದೂ ಟೈರು ಗುದ್ದಿ ನೋಡಿ, ಹೇಳಿದ್ದು 60,000. ಗಾಡಿ ಇಟ್ಟುಕೊಳ್ಳಲೇಬೇಕೆಂಬ ಕಟ್ಟುಪಾಡು ನನಗಿರಲಿಲ್ಲ. ಗಾಡಿ ನೀವೇ ಒಯ್ಯಿರಿ, ಐಡಿವಿಯಲ್ಲಿ ಮಾಲೀಕನೇ ಹೊರಬೇಕಾದ ಕಂಪಲ್ಸರಿ 1,000 ಮುರಿದುಕೊಂಡು ಉಳಿದದ್ದು ಕೊಡಿ ಎಂದು ಕೇಳಬಹುದು. ಹಾಗೆ ಕೇಳಿದರೆ 3,79,000. ಅವರ ಮಾತಿಗೆ ಒಪ್ಪಿ ಗುಜರಿಗೆ ಹಾಕಿದ್ದರೆ ಎಲ್ಲ ಸೇರಿ 2,79,000. ಲೆಕ್ಕದ ಮೇಷ್ಟ್ರಾದ ನನಗೆ ಈ ಒಂದು ಲಕ್ಷದ ಕಳೆಯುವ ಲೆಕ್ಕ ಹೊಳೆಯಲು ಎರಡು ದಿನ ಬೇಕಾಯಿತು.

ಫೋನಿನಲ್ಲಿ ವಾದ ಮಾಡುವುದನ್ನು ಬಿಟ್ಟೆ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ, ಪ್ರತಿ ಸಲ ಬೇರೆ ಹುಡುಗ ಎತ್ತುತ್ತಾನೆ. ಇ-ಮೇಲ್ ಮಾಡಿದೆ, ಅದರದೇ ಪ್ರತಿಯನ್ನು ಸೊರಬದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿದೆ. ಕೇಳಿದ್ದು ಎರಡೇ: ಸರ್ವೇಯರ್ ವರದಿಯ ಪ್ರತಿ, ಮತ್ತು 3,05,000ಕ್ಕೆ ಲಿಖಿತ ಆಧಾರ. ವರದಿ ಕೇಳುವುದು ನಮ್ಮ ಹಕ್ಕು. ಬಂದ ವರದಿಯಲ್ಲಿ ಸರ್ವೇಯರ್ ಬರೆದಿದ್ದ ಬೆಲೆ 3,80,000! 3,05,000 ಎಲ್ಲಿಂದ ಹುಟ್ಟಿತು ಎಂದು ಇವತ್ತಿಗೂ ಯಾರೂ ಹೇಳಿಲ್ಲ.

ಈ ನಡುವೆ ಡಿಸ್ಚಾರ್ಜ್ ವೋಚರ್ ಕೂಡ ಬಂತು, "ಪೂರ್ಣ ಮತ್ತು ಅಂತಿಮ" ಎಂಬ ಒಕ್ಕಣೆಯೊಂದಿಗೆ. ಸಹಿ ಹಾಕಿದ ಮಾತ್ರಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ, ನಿಜ. ಆದರೆ ಒತ್ತಡಕ್ಕೆ ಸಹಿ ಹಾಕಿದೆ ಎಂದು ಆಮೇಲೆ ಸಾಬೀತು ಮಾಡುತ್ತ ಕೂರುವುದಕ್ಕಿಂತ ಹಾಕದಿರುವುದೇ ಸಲೀಸು. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಬರೆದೆ. ಅಲ್ಲಿಂದ ಒಂದು ತಿಂಗಳು ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೆ. ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ನಾನು ಓಂಬುಡ್ಸ್‌ಮನ್ ಅರ್ಜಿಯನ್ನು ತುಂಬಿಟ್ಟುಕೊಂಡು, ಹಾಗೆ ತುಂಬಿಟ್ಟಿರುವುದನ್ನು ದೂರಿನ ಕೊನೆಯ ಸಾಲಿನಲ್ಲಿ ತಿಳಿಸಿದ್ದೆ. ಹತ್ತೊಂಬತ್ತನೇ ದಿನ ಉತ್ತರ ಬಂತು: ಗಾಡಿ ನಾವೇ ಒಯ್ಯುತ್ತೇವೆ, 3,79,000 ಕೊಡುತ್ತೇವೆ.

ಆಮೇಲೆ ತಡವಾಗಿದ್ದು ನನ್ನಿಂದಲೇ. ಕಾರಿನ ಸಾಲ ತೀರಿ ಎರಡು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಎನ್‌ಒಸಿ ಕಾಗದ ಮನೆಯಲ್ಲೇ, ದೇವರ ಫೋಟೊ ಹಿಂದೆ. ಬ್ಯಾಂಕಿನ ಹೆಸರು ತೆಗೆಸಲು ಸಾಗರದ ಆರ್‌ಟಿಒಗೆ ಮೂರು ಸಲ ಅಲೆದೆ. ಇನ್ನು ಆರ್‌ಸಿ ರದ್ದತಿಯ ಮಾತು. ನಾಶವಾದ ವಾಹನದ ವಿಷಯವನ್ನು ಮಾಲೀಕ 14 ದಿನದೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಅದನ್ನು ಮಾಡದೆ ಗುಜರಿಗೆ ಕೊಟ್ಟರೆ ನಿಮ್ಮ ಚಾಸಿ ನಂಬರು ನಾಳೆ ಯಾವುದೋ ಕದ್ದ ಗಾಡಿಯ ಮೇಲೆ ಓಡಾಡಬಹುದು.

ಗೆದ್ದೆ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕೊಡಿಸಿದ್ದೂ ಆಯಿತು. ಕೊಡಿಸುವಾಗ ಒಂದು ಸಂಗತಿಯನ್ನು ಹೇಳಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಆ ವರ್ಷ ಪಾಲಿಸಿ ನವೀಕರಿಸುವಾಗ ಏಜೆಂಟ್ ಮೊದಲು ತೋರಿಸಿದ್ದ ಐಡಿವಿ 4,20,000. "ಸ್ವಲ್ಪ ಇಳಿಸಿದ್ರೆ ಪ್ರೀಮಿಯಂ ಕಮ್ಮಿ ಆಗುತ್ತೆ ಸಾರ್" ಎಂದ. "ಇಳಿಸಪ್ಪ" ಎಂದವನು ನಾನೇ. ಉಳಿದದ್ದು ಎಂಟುನೂರು ಚಿಲ್ಲರೆ, ಹೋದದ್ದು ನಲವತ್ತು ಸಾವಿರ. ಆ ನಲವತ್ತು ಸಾವಿರವನ್ನು ಓಂಬುಡ್ಸ್‌ಮನ್ನೂ ಕೊಡಿಸಲಾರರು, ಸುಪ್ರೀಂ ಕೋರ್ಟೂ ಕೊಡಿಸಲಾರದು, ಏಕೆಂದರೆ ಒಪ್ಪಿಕೊಂಡ ಬೆಲೆಯೇ ಬೆಲೆ ಎಂದು ವಾದಿಸಿದವನೂ ನಾನೇ.

ನಿಮ್ಮ ಪಾಲಿಸಿ ಕಪಾಟಿನಲ್ಲಿದ್ದರೆ ಇವತ್ತೇ ತೆಗೆದು ಐಡಿವಿ ಎಷ್ಟು ಎಂದು ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯೇ ಎಂಬುದನ್ನೂ.