ನಮ್ಮ ವೀಸಾ ಬಂತು, ಬ್ರೂನೋನ ಗತಿಯೇನು?

ಜೂನ್ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಣ್ಣೆ, ತುರಿಕೆ, ಊಟ ಬಿಟ್ಟ ನಾಯಿ ಇವೆಲ್ಲ ಹಿಂದೆ ಸರಿದು ಪಾಸ್‌ಪೋರ್ಟು, ವಿಮಾನ, ಕ್ವಾರಂಟೈನ್ ಮುಂದೆ ಬರುತ್ತವೆ. ಬರೆದವರಲ್ಲಿ ಹೆಚ್ಚಿನವರು ಟಿಕೆಟ್ ಆದಮೇಲೆ ಕೇಳಿದ್ದಾರೆ. ಆಫರ್ ಲೆಟರ್ ಕೈಗೆ ಬಂದ ವಾರವೇ ಕೇಳಿದ್ದರೆ ಕೆಲವರಿಗಾದರೂ ನಾನು ಬೇರೆ ಉತ್ತರ ಕೊಡಬಹುದಿತ್ತು.

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನನ್ನ ಯಜಮಾನರಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ ಹೊತ್ತಿಗೆ ನಾವೂ ಹೊರಡುತ್ತೇವೆ. ನಮ್ಮ ಲ್ಯಾಬ್ರಡಾರ್ ಬ್ರೂನೋಗೆ ಈಗ ಒಂಬತ್ತು ವರ್ಷ. ಮಕ್ಕಳು ಅವನನ್ನು ಬಿಟ್ಟು ಬರಲ್ಲ ಅಂತಿದ್ದಾರೆ. ಒಬ್ಬ ಏಜೆಂಟರು "ಒಂದು ತಿಂಗಳಲ್ಲಿ ಕಳಿಸಿಕೊಡ್ತೀವಿ, ದುಡ್ಡು ಕಟ್ಟಿ" ಅನ್ನುತ್ತಿದ್ದಾರೆ. ನಂಬಬಹುದಾ? ಮನೆಯಲ್ಲಿ ಮಾವನವರಿದ್ದಾರೆ, ಬ್ರೂನೋನನ್ನು ಬೆಳಿಗ್ಗೆ ಸಂಜೆ ವಾಕಿಂಗ್ ಕರೆದುಕೊಂಡು ಹೋಗುವವರು ಅವರೇ.
— ಓದುಗರು, ಮೈಸೂರು

ಉತ್ತರ: ದುಡ್ಡು ಕಟ್ಟಬೇಡಿ. ಭಾರತದಿಂದ ಆಸ್ಟ್ರೇಲಿಯಾಕ್ಕೆ ಒಂದು ತಿಂಗಳಲ್ಲಿ ನಾಯಿ ಕಳಿಸುವುದು ಯಾರ ಕೈಯಲ್ಲೂ ಆಗದ ಕೆಲಸ. ಅಲ್ಲಿನ ಕೃಷಿ ಇಲಾಖೆ ರೇಬೀಸ್ ಸ್ಥಿತಿಗತಿ ನೋಡಿ ದೇಶಗಳನ್ನು ಗುಂಪು ಮಾಡಿದೆ. ಭಾರತ ಆ ಯಾವ ಗುಂಪಿನಲ್ಲೂ ಇಲ್ಲ. ಹಾಗಾಗಿ ಬೆಂಗಳೂರಿನಿಂದ ಮೆಲ್ಬರ್ನ್‌ಗೆ ನಾಯಿಗೆ ನೇರ ದಾರಿಯೇ ಇಲ್ಲ. ಮೊದಲು ಸಿಂಗಪುರ, ಯುಎಇ, ಬ್ರಿಟನ್‌ನಂಥ ಅನುಮೋದಿತ ದೇಶಕ್ಕೆ ಅದು ಹೋಗಬೇಕು, ಅಲ್ಲಿ ವಾಸ ಮಾಡಬೇಕು, ಅಲ್ಲಿನ ಸರ್ಕಾರಿ ಪಶುವೈದ್ಯರ ಸಹಿಯೊಂದಿಗೆ ಹೊರಡಬೇಕು. ಆ ನಡುವಿನ ದೇಶಕ್ಕೂ ತನ್ನದೇ ಆಮದು ನಿಯಮಗಳಿರುತ್ತವೆ. ಅಷ್ಟು ದಿನ ಬ್ರೂನೋನನ್ನು ನೋಡಿಕೊಳ್ಳಲು ನಿಮ್ಮವರು ಯಾರಾದರೂ ಅಲ್ಲಿರಬೇಕು, ಇಲ್ಲವೇ ಬೋರ್ಡಿಂಗ್‌ನಲ್ಲಿ ಬಿಡಬೇಕು.

ಇಷ್ಟು ಬಿಗಿ ಏಕೆ ಎಂದು ಮಕ್ಕಳು ಕೇಳಿಯಾರು, ಅವರಿಗೆ ತಿಳಿಸಿ ಹೇಳಿ. ಆಸ್ಟ್ರೇಲಿಯಾದಲ್ಲಿ ನಾಯಿಗಳ ರೇಬೀಸ್ ಇಲ್ಲ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ನಾಯಿಗಾಗಲಿ ಬದುಕುವ ದಾರಿ ಇಲ್ಲವೆಂದೇ ಹೇಳಬೇಕು. ಅಂಥ ರೋಗವನ್ನು ಹೊರಗಿಟ್ಟಿರುವ ದೇಶ ಬಾಗಿಲಲ್ಲಿ ನಿಂತು ಪ್ರತಿ ಕಾಗದವನ್ನೂ ತಿರುವಿ ನೋಡಿದರೆ ನನಗೆ ಅದು ಸರಿಯೆಂದೇ ಕಾಣುತ್ತದೆ.

ರಕ್ತಪರೀಕ್ಷೆಯ ಕ್ರಮ ತಿಳಿದರೆ ಕಾಯುವುದು ಏಕೆಂದು ಅರ್ಥವಾಗುತ್ತದೆ. ಲಸಿಕೆ ಹಾಕಿಸಿದ ಮೇಲೆ ನಾಯಿಯ ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯ ಮಿಲಿಲೀಟರ್‌ಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಯೂನಿಟ್ ಇದೆಯೇ ಎಂದು ಅಳೆಯುತ್ತಾರೆ. ಲಸಿಕೆ ಹಿಡಿದಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಲಸಿಕೆಗೆ ಮೊದಲೇ ಯಾವುದೋ ನಾಯಿ ಕಚ್ಚಿ ವೈರಾಣು ಒಳಗೆ ಸೇರಿದ್ದರೆ? ರೇಬೀಸ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗಿರಬಲ್ಲದು. ಅದಕ್ಕಾಗಿ ಆಸ್ಟ್ರೇಲಿಯಾ ಆ ರಕ್ತದ ಮಾದರಿ ಪ್ರಯೋಗಾಲಯ ತಲುಪಿದ ದಿನದಿಂದ 180 ದಿನ ಕಾಯಿಸುತ್ತದೆ. ಪರೀಕ್ಷೆಗೆ ರಕ್ತ ತೆಗೆಯುವ ಮೊದಲೇ ಸರ್ಕಾರಿ ಪಶುವೈದ್ಯರು ಮೈಕ್ರೋಚಿಪ್ ಓದಿ ಗುರುತು ದೃಢಪಡಿಸಿದ್ದರೆ ಮೆಲ್ಬರ್ನ್ ಹೊರವಲಯದ ಮಿಕಲ್‌ಹ್ಯಾಮ್ ಕೇಂದ್ರದಲ್ಲಿ ಕನಿಷ್ಠ 10 ದಿನ ಕ್ವಾರಂಟೈನ್, ಇಲ್ಲದಿದ್ದರೆ ಕನಿಷ್ಠ 30 ದಿನ. ಅಲ್ಲಿ ಇರುವಷ್ಟು ದಿನ ಹೋಗಿ ನೋಡಿಕೊಂಡು ಬರಲು ನಿಮ್ಮನ್ನು ಬಿಡುವುದಿಲ್ಲ.

ಕಾಗದದಲ್ಲಿ ಏನಾದರೂ ‘ಹೊಂದಿಸೋಣ’ ಎಂದು ಯಾರಾದರೂ ಹೇಳಿದರೆ ಅವರ ಸಹವಾಸವೇ ಬೇಡ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಖಾಸಗಿ ವಿಮಾನದಲ್ಲಿ ಎರಡು ಪುಟ್ಟ ಯಾರ್ಕ್‌ಶೈರ್ ಟೆರಿಯರ್‌ಗಳನ್ನು ಹೇಳದೆ ಕೇಳದೆ ಕರೆತಂದಾಗ, ಅಂದಿನ ಕೃಷಿ ಸಚಿವ ಬಾರ್ನಬಿ ಜಾಯ್ಸ್ ಗಡುವು ಕೊಟ್ಟರು: ವಾಪಸ್ ಕಳಿಸಿ, ಇಲ್ಲವಾದರೆ ಕೊಲ್ಲಬೇಕಾಗುತ್ತದೆ. ನಾಯಿಗಳು ಮರಳಿ ವಿಮಾನ ಹತ್ತಿದವು, ಪ್ರಕರಣ ಕೋರ್ಟ್ ಮೆಟ್ಟಿಲನ್ನೂ ಏರಿತು. ನಮ್ಮ ಬ್ರೂನೋನ ಕಾಗದ ಸುಳ್ಳೆಂದು ಗೊತ್ತಾದರೆ ಅನುಭವಿಸುವವನು ಬ್ರೂನೋ.

ಇನ್ನು ನನ್ನ ಅಭಿಪ್ರಾಯ. ಲ್ಯಾಬ್ರಡಾರ್‌ಗೆ ಒಂಬತ್ತು ಎಂದರೆ ಮುಪ್ಪು ಶುರುವಾದಂತೆ. ಸೊಂಟ, ಕೀಲು, ಹೃದಯ ಎಲ್ಲವನ್ನೂ ನೋಡಬೇಕಾದ ವಯಸ್ಸು. ನಡುವಿನ ದೇಶದ ತಿಂಗಳುಗಳು, ಎರಡು ವಿಮಾನ ಪ್ರಯಾಣ, ಆಮೇಲೆ ಕ್ವಾರಂಟೈನ್, ಇಷ್ಟನ್ನು ದಾಟುವಷ್ಟರಲ್ಲಿ ಅವನಿಗೆ ಹತ್ತು ತುಂಬಿರುತ್ತದೆ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಕೊನೆಯ ಸಾಲನ್ನು. ದಿನಕ್ಕೆರಡು ಸಲ ಅವನ ಹಗ್ಗ ಹಿಡಿಯುವವರು ನಿಮ್ಮ ಮಾವನವರು. ಅವನ ಬೀದಿ, ಅವನ ಮರ, ಅವನ ಹೊತ್ತು ಎಲ್ಲ ಮೈಸೂರಿನಲ್ಲೇ ಇದೆ. ಮಾವನವರ ಆರೋಗ್ಯ ಚೆನ್ನಾಗಿದ್ದು, ಅವರಿಗೂ ಒಪ್ಪಿಗೆ ಇದ್ದರೆ ಬ್ರೂನೋನನ್ನು ಅಲ್ಲೇ ಬಿಡಿ. ಇದು ಅವನನ್ನು ಕೈಬಿಟ್ಟಂತೆ ಅಲ್ಲ ಎಂದು ಮಕ್ಕಳಿಗೆ ನೀವೇ ಕೂರಿಸಿಕೊಂಡು ಹೇಳಬೇಕು. ಹತ್ತಿರದ ಪಶುವೈದ್ಯರಲ್ಲಿ ಒಂದು ಖಾತೆ ಮಾಡಿಸಿ, ತಿಂಗಳ ತಪಾಸಣೆ ಗೊತ್ತುಮಾಡಿ, ಮಾವನವರಿಗೆ ಹುಷಾರಿಲ್ಲದ ದಿನ ಬರುವ ಇನ್ನೊಬ್ಬರನ್ನು ಈಗಲೇ ಹುಡುಕಿ. ಅವನಿಗೆ ಮೂರು ವರ್ಷವಾಗಿದ್ದು ಮನೆಯಲ್ಲಿ ಯಾರೂ ಇಲ್ಲದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಪ್ರಶ್ನೆ: ಸರ್, ನಾನು ಸೆಪ್ಟೆಂಬರ್‌ನಲ್ಲಿ ಓದಲು ಮ್ಯಾಂಚೆಸ್ಟರ್‌ಗೆ ಹೋಗುತ್ತಿದ್ದೇನೆ. ಬೀದಿಯಿಂದ ಎತ್ತಿ ತಂದು ಸಾಕಿದ ಬೆಕ್ಕು ಚಿನ್ನಿಗೆ ಜನವರಿಯಲ್ಲಿ ರೇಬೀಸ್ ಲಸಿಕೆ ಹಾಕಿಸಿದ್ದೆ, ಮೈಕ್ರೋಚಿಪ್ ಕಳೆದ ವಾರ ಹಾಕಿಸಿದೆ. ಇನ್ನೇನು ಬಾಕಿ ಇದೆ?
— ಓದುಗರು, ಬೆಂಗಳೂರು

ಉತ್ತರ: ಲಸಿಕೆಯನ್ನೇ ಮತ್ತೆ ಹಾಕಿಸಬೇಕು. ಬ್ರಿಟನ್ನಿನ ನಿಯಮದಲ್ಲಿ ಚಿಪ್ ಮೊದಲು ಅಥವಾ ಅದೇ ದಿನ, ಲಸಿಕೆ ಅದರ ನಂತರ. ಲಸಿಕೆ ಹಾಕಿಸಿಕೊಂಡ ಬೆಕ್ಕು ಇದೇ ಎಂದು ಹೇಳುವ ಸಾಕ್ಷಿ ಆ ಚಿಪ್ ಒಂದೇ. ಭುಜಗಳ ನಡುವೆ ಚರ್ಮದಡಿ ಕೂರುವ, ಅಕ್ಕಿಕಾಳಿನಷ್ಟು ಗಾತ್ರದ ವಸ್ತು ಅದು. ಲಸಿಕೆಯ ದಿನ ವೈದ್ಯರಿಗೆ ಹೇಳಿ ಮೊದಲು ಸ್ಕ್ಯಾನರ್ ಇಡಿಸಿ, ಪರದೆಯಲ್ಲಿ ಬರುವ 15 ಅಂಕಿಗಳನ್ನು ಲಸಿಕೆ ಪುಸ್ತಕದ ಅಂಕಿಗಳ ಜೊತೆ ಒಂದೊಂದಾಗಿ ಹೋಲಿಸಿ. ಲಸಿಕೆ ಬಾಟಲಿಯ ಸ್ಟಿಕ್ಕರ್ ಪುಟಕ್ಕೆ ಅಂಟಿರಬೇಕು, ಬ್ಯಾಚ್ ಸಂಖ್ಯೆ ಓದುವಂತಿರಬೇಕು, ದಿನಾಂಕವನ್ನು ತಿದ್ದಿರಬಾರದು. ಎಷ್ಟೋ ಅರ್ಜಿಗಳು ತಡೆದು ನಿಲ್ಲುವುದು ಇದೇ ಪುಟದಲ್ಲಿ.

ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತಪರೀಕ್ಷೆ, ಅದೂ ಅವರು ಒಪ್ಪಿದ ಪ್ರಯೋಗಾಲಯದಲ್ಲಿ. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಗುರುತಿಸಿದ ರೇಬೀಸ್ ಪ್ರಯೋಗಾಲಯವಿದೆ, ಕನ್ನಡಿಗರೆಲ್ಲ ಹೆಮ್ಮೆ ಪಡಬೇಕಾದ ಜಾಗ. ಆದರೂ ಯಾವ ಪ್ರಯೋಗಾಲಯವೇ ಆಗಲಿ, ನೀವು ಹೋಗುವ ದೇಶದ ಪಟ್ಟಿಯಲ್ಲಿ ಆ ಹೆಸರು ಇಂದಿಗೂ ಇದೆಯೇ ಎಂದು ನೋಡಿಕೊಂಡೇ ರಕ್ತ ಕಳಿಸಿ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಈ ಅವಧಿಯಲ್ಲಿ ಲಸಿಕೆಯ ಗಡುವು ಮುಗಿಯಲು ಬಿಟ್ಟರೆ ಎಲ್ಲವೂ ಮತ್ತೆ ಮೊದಲಿನಿಂದ. ಲೆಕ್ಕ ಹಾಕಿ ನೋಡಿ, ಚಿನ್ನಿ ಅಕ್ಟೋಬರ್ ಕೊನೆಗಿಂತ ಮುಂಚೆ ಹೊರಡಲಾರಳು.

ಇಲ್ಲಿ ಇನ್ನೊಂದು ಗಂಟಿದೆ. ಮಾಲೀಕರು ಮತ್ತು ಸಾಕುಪ್ರಾಣಿ ಐದು ದಿನಗಳ ಅಂತರದೊಳಗೆ ಪ್ರಯಾಣ ಮಾಡದಿದ್ದರೆ ಅದನ್ನು ವ್ಯಾಪಾರದ ಸಾಗಣೆ ಎಂದು ಪರಿಗಣಿಸುತ್ತಾರೆ, ನಿಯಮಗಳು ಇನ್ನೂ ಕಠಿಣವಾಗುತ್ತವೆ. ಆದ್ದರಿಂದ ನೀವು ಸೆಪ್ಟೆಂಬರ್‌ನಲ್ಲಿ ಹೋಗಿ ನೆಲೆಯಾಗಿ, ಕ್ರಿಸ್‌ಮಸ್ ರಜೆಗೆ ಬಂದು ವಾಪಸ್ ಹೋಗುವಾಗ ಅವಳನ್ನು ಕರೆದೊಯ್ಯಿರಿ. ಬ್ರಿಟನ್‌ಗೆ ಬರುವ ವಿಮಾನದಲ್ಲಿ ಬೆಕ್ಕು ನಿಮ್ಮ ಸೀಟಿನ ಕೆಳಗೆ ಕೂರುವಂತಿಲ್ಲ, ಕಾರ್ಗೋದಲ್ಲೇ ಬರಬೇಕು. ನಾಯಿಗಳಿಗೆ ಹೊರಡುವ ಮುನ್ನ ಲಾಡಿಹುಳುವಿನ ಔಷಧ ಕಡ್ಡಾಯ, ಬೆಕ್ಕಿಗೆ ಆ ತೊಂದರೆ ಇಲ್ಲ. ಎಲ್ಲಕ್ಕಿಂತ ಮೊದಲು ಮನೆ ನೋಡಿ. ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಸಾಕುಪ್ರಾಣಿ ಬಿಡುವುದಿಲ್ಲ. ಬೆಕ್ಕಿಗೆ ಒಪ್ಪುವ ಬಾಡಿಗೆ ಮನೆ ಸಿಗುವ ತನಕ ಚಿನ್ನಿ ನಿಮ್ಮ ಅಮ್ಮನ ಹತ್ತಿರವೇ ಇರಲಿ.

ಬ್ರಿಟನ್ನಿನ ಈ ಎಚ್ಚರಕ್ಕೆ ಹಳೆಯ ಪಾಠವಿದೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಗುಟ್ಟಾಗಿ ತಂದ ನಾಯಿಗಳಿಂದ 1918ರಲ್ಲಿ ಅಲ್ಲಿ ರೇಬೀಸ್ ಮತ್ತೆ ಕಾಣಿಸಿಕೊಂಡಿತು. ಅದನ್ನು ತೊಲಗಿಸಲು 1922ರವರೆಗೆ ಹೆಣಗಬೇಕಾಯಿತು.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಮುಧೋಳ ನಾಯಿಮರಿ ಬೇಕಂತೆ. ಈಗ ಅದಕ್ಕೆ ನಾಲ್ಕು ತಿಂಗಳು. ಮುಂದಿನ ತಿಂಗಳು ನಾವು ಹೋಗುವಾಗ ಒಯ್ಯಬಹುದೇ?
— ಓದುಗರು, ಬಾಗಲಕೋಟೆ

ಉತ್ತರ: ಆಗುವುದಿಲ್ಲ. 2024ರ ಆಗಸ್ಟ್ 1ರಿಂದ ಅಮೆರಿಕಕ್ಕೆ ಹೋಗುವ ನಾಯಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಭಾರತ ಅವರ ರೇಬೀಸ್ ಅಪಾಯದ ದೇಶಗಳ ಪಟ್ಟಿಯಲ್ಲಿರುವುದರಿಂದ ಇಲ್ಲಿ ಲಸಿಕೆ ಹಾಕಿಸಿದ ನಾಯಿಗೆ ಸರ್ಕಾರಿ ಪಶುವೈದ್ಯರು ದೃಢೀಕರಿಸಿದ ಪ್ರಮಾಣಪತ್ರ ಬೇಕು, ಇಳಿಯುವ ಊರಿನ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮೊದಲೇ ಜಾಗ ಕಾಯ್ದಿರಿಸಬೇಕು. ಇಳಿಯುವುದೂ ಅವರು ಗೊತ್ತುಮಾಡಿದ ಕೆಲವೇ ವಿಮಾನ ನಿಲ್ದಾಣಗಳಲ್ಲಿ. ನ್ಯೂಯಾರ್ಕಿನ ಜೆಎಫ್‌ಕೆ ಅವುಗಳಲ್ಲೊಂದು, ಮಗಳಿಗೆ ಹತ್ತಿರ. ರಕ್ತಪರೀಕ್ಷೆಯ ವರದಿ ಸರಿಯಿಲ್ಲದಿದ್ದರೆ 28 ದಿನ ಕ್ವಾರಂಟೈನ್.

ಮಗಳನ್ನು ಒಂದು ಮಾತು ಕೇಳಿ. ಮುಧೋಳ ಓಡಲು ಹುಟ್ಟಿದ ನಾಯಿ, ಮೈಮೇಲೆ ಕೂದಲು ತೀರ ತೆಳು. ನ್ಯೂಜೆರ್ಸಿಯ ಹಿಮದಲ್ಲಿ, ಅಪಾರ್ಟ್‌ಮೆಂಟಿನಲ್ಲಿ, ದಿನವಿಡೀ ಆಫೀಸಿನಲ್ಲಿರುವವರ ಮನೆಯಲ್ಲಿ ಅದು ಏನು ಮಾಡಬೇಕು? ಅಂಗಳವಿದ್ದು, ಓಡಿಸಲು ಪುರುಸೊತ್ತಿದ್ದರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ಜರ್ಮನಿಗೆ ನಮ್ಮ ಪಗ್ ಹೊರಟಿದೆ. ಕಾಗದ ಪತ್ರ ಎಲ್ಲ ಸಿದ್ಧ. ಅವಳು ತುಂಬಾ ಗಾಬರಿ ಸ್ವಭಾವದವಳು. ವಿಮಾನದಲ್ಲಿ ನಿದ್ದೆ ಬರುವಂತೆ ಮಾತ್ರೆ ಕೊಡಬಹುದಾ?
— ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಬೇಡ. ಮಂಪರಿನ ಔಷಧ ರಕ್ತದೊತ್ತಡ ಇಳಿಸುತ್ತದೆ, ಮೈಶಾಖ ಕಾಯ್ದುಕೊಳ್ಳುವ ಶಕ್ತಿ ಕುಗ್ಗಿಸುತ್ತದೆ, ಪೆಟ್ಟಿಗೆ ಅಲುಗಾಡಿದಾಗ ನಾಯಿಗೆ ಕಾಲೂರಿ ನಿಲ್ಲಲು ಆಗುವುದಿಲ್ಲ. ಮೊದಲೇ ಮೂಗು ಚಪ್ಪಟೆಯಾಗಿ ಉಸಿರಿಗೆ ಒದ್ದಾಡುವ ಪಗ್‌ಗೆ ಇದು ಪ್ರಾಣಾಪಾಯ. ಮಾತ್ರೆ ಕೊಟ್ಟಿದ್ದಾರೆಂದು ಗೊತ್ತಾದರೆ ವಿಮಾನ ಕಂಪನಿ ಹತ್ತಿಸಿಕೊಳ್ಳದೇ ಇರಬಹುದು. ಹಲವು ಕಂಪನಿಗಳು ಪಗ್, ಬುಲ್‌ಡಾಗ್‌ಗಳನ್ನು ಕಾರ್ಗೋದಲ್ಲಿ ಒಯ್ಯುವುದೇ ಇಲ್ಲ. ತಳಿಯ ಹೆಸರು ಹೇಳಿ ಲಿಖಿತ ಒಪ್ಪಿಗೆ ಪಡೆಯಿರಿ.

ಅವಳ ಗಾಬರಿಗೆ ಮದ್ದು ಪೆಟ್ಟಿಗೆಯಲ್ಲೇ ಇದೆ. ಅದನ್ನು ಇವತ್ತೇ ತಂದು ಹಾಲ್‌ನಲ್ಲಿಡಿ, ಬಾಗಿಲು ತೆಗೆದಿರಲಿ. ಅವಳ ಊಟದ ತಟ್ಟೆ ಮೊದಲು ಬಾಗಿಲಲ್ಲಿ, ಆಮೇಲೆ ಒಳಗೆ, ಆಮೇಲೆ ಹಿಂದಿನ ಗೋಡೆಯ ಹತ್ತಿರ. ತಾನೇ ಒಳಗೆ ಹೋಗಿ ಮಲಗುವ ದಿನ ಬಂದ ಮೇಲೆ ಬಾಗಿಲು ಹಾಕಿ, ಐದು ನಿಮಿಷ, ನಂತರ ಅರ್ಧ ಗಂಟೆ. ನೀವು ಉಟ್ಟ ಹಳೆಯ ಸೀರೆಯನ್ನೋ ಪಂಚೆಯನ್ನೋ ಒಗೆಯದೆ ಒಳಗೆ ಹಾಸಿ. ನೀರಿನ ಬಟ್ಟಲು ಬಾಗಿಲ ಜಾಲರಿಗೆ ಸಿಕ್ಕಿಸುವಂಥದ್ದಿರಲಿ, ಬಾಗಿಲು ತೆಗೆಯದೆ ಹೊರಗಿನಿಂದಲೇ ತುಂಬುವಂತಿರಬೇಕು.

ಪೆಟ್ಟಿಗೆಯ ಅಳತೆಯನ್ನು ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು, ಅದಕ್ಕೆ ನೆಲದಿಂದ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ, ಅದು ಉದ್ದ. ಭುಜದ ಅಗಲದ ಎರಡರಷ್ಟು ಅಗಲ. ನಿಂತಾಗ ತಲೆ ಅಥವಾ ಕಿವಿ, ಯಾವುದು ಮೇಲೋ ಅಲ್ಲಿಯವರೆಗೆ ಎತ್ತರ, ಹಾಸಿಗೆಯ ದಪ್ಪ ಬೇರೆ. ಚಪ್ಪಟೆ ಮೂಗಿನ ತಳಿಗಳಿಗೆ ಇದಕ್ಕಿಂತ ಶೇ. 10ರಷ್ಟು ದೊಡ್ಡದೇ ಬೇಕೆಂದು ಅಂತರರಾಷ್ಟ್ರೀಯ ವಿಮಾನಯಾನ ನಿಯಮವೇ ಹೇಳುತ್ತದೆ. ನಾಲ್ಕೂ ಬದಿ ಗಾಳಿಯಾಡಲಿ. ಹೊರಡುವ ಮೊದಲು ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಕಚೇರಿಯಲ್ಲಿ ಅವಳನ್ನೇ ಕರೆದೊಯ್ದು ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬೇಕು, ಆ ದಿನಾಂಕವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಂಗಳೂರಿನ ಸೆಕೆಯಲ್ಲಿ ಹಗಲು ಪ್ರಯಾಣ ಬೇಡ, ಬೆಂಗಳೂರಿಗೆ ರಾತ್ರಿ ಹೊರಡಿ.

ಪ್ರಶ್ನೆ: ನಾನು ಎಪ್ಪತ್ತು ದಾಟಿದವನು. ಮಗನ ಜೊತೆ ಇರಲು ಸಿಡ್ನಿಗೆ ಹೋಗುತ್ತಿದ್ದೇನೆ. ಮರಿಯಾಗಿದ್ದಾಗ ಮರದಿಂದ ಬಿದ್ದು ಸಿಕ್ಕ ಗಿಳಿಯನ್ನು ಸಾಕಿದ್ದೇನೆ, ನನ್ನ ದನಿ ಕೇಳಿದರೆ ಮಾತ್ರ ಊಟ ಮಾಡುತ್ತದೆ. ಅದಕ್ಕೆ ಅನುಮತಿ ಹೇಗೆ ಪಡೆಯಲಿ?
— ಓದುಗರು, ಶಿವಮೊಗ್ಗ

ಉತ್ತರ: ಹಿರಿಯರೇ, ಅನುಮತಿ ಸಿಗುವುದಿಲ್ಲ. ಆಸ್ಟ್ರೇಲಿಯಾ ಸಾಕುಹಕ್ಕಿಗಳನ್ನು ನ್ಯೂಜಿಲೆಂಡ್ ಒಂದರಿಂದ ಮಾತ್ರ ಒಳಗೆ ಬಿಡುತ್ತದೆ. ಅದಕ್ಕೂ ಮೊದಲು, ನಮ್ಮ ಊರಿನ ಗಿಳಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಬಿದ್ದ ಮರಿಯನ್ನು ನೀವು ಬದುಕಿಸಿದಿರಿ, ಅದು ಕರುಣೆಯ ಕೆಲಸವೇ. ಆದರೆ ಹೊರಡುವ ದಿನ ಪಂಜರದ ಬಾಗಿಲು ತೆಗೆದು ಹಾರಿಬಿಡಬೇಡಿ. ಕೈತುತ್ತು ತಿಂದು ಬೆಳೆದ ಹಕ್ಕಿಗೆ ಮೇವು ಹುಡುಕಲು ಗೊತ್ತಿಲ್ಲ, ಕಾಗೆ ಬೆಕ್ಕುಗಳಿಂದ ತಪ್ಪಿಸಿಕೊಳ್ಳಲೂ ಗೊತ್ತಿಲ್ಲ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಹೇಗೆ ಸಿಕ್ಕಿತೆಂದು ಇದ್ದದ್ದು ಇದ್ದಂತೆ ತಿಳಿಸಿ ಒಪ್ಪಿಸಿ. ಪ್ರಯಾಣದ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ಈ ತಿಂಗಳೇ ಹೋಗಿ. ಈಗಿನಿಂದಲೇ ಬೇರೆಯವರ ಕೈಯಿಂದ ತಿನ್ನಲು ಅಭ್ಯಾಸ ಮಾಡಿಸಿ. ಅದು ಏನು ತಿನ್ನುತ್ತದೆ, ಯಾವ ಹೊತ್ತಿಗೆ ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ಅವರಿಗೆ ಕೊಡಿ.